ನೆರಳು ನಿಮಗಿಂತ ಗಿಡ್ಡ ಇದೆಯಾ?

ಪ್ರತಿ ವರ್ಷ ಹೆಲ್ತ್ ಚೆಕಪ್ ಆದ ವಾರ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಒಂದೇ ಮಾತು, ವಿಟಮಿನ್ ಡಿ. "ನಿಂದೆಷ್ಟು?" "ಹನ್ನೊಂದು." "ಅಷ್ಟೇನಾ, ನಂದು ಒಂಬತ್ತು ಕಣೋ." ಪಿಯುಸಿ ಮಾರ್ಕ್ಸ್ ಕೇಳಿದ ಹಾಗೇ ಇರುತ್ತದೆ, ಆದರೆ ಇಲ್ಲಿ ಕಡಿಮೆ ಬಂದವನಿಗೇ ಒಂಥರಾ ಹೆಮ್ಮೆ. ಸಂಜೆ ಹೊತ್ತಿಗೆ ಅರ್ಧ ಟೀಮು ಮೆಡಿಕಲ್ ಶಾಪಿನಿಂದ 60,000 ಐಯು (ವಿಟಮಿನ್ ಅಳೆಯುವ ಯೂನಿಟ್) ಅಂತ ಬರೆದ ವಿಟಮಿನ್ ಡಿ ಪುಡಿ ಪ್ಯಾಕೆಟ್ ತಂದಿಟ್ಟುಕೊಂಡಿರುತ್ತದೆ. ಭಾನುವಾರ ಹಾಲಿಗೆ ಹಾಕಿ ಕುಡಿ, ಎಂಟು ವಾರ, ಮುಗೀತು.

ಈ ಸಲ ನನಗೆ ಬಂದದ್ದು 17, ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ 17 ನ್ಯಾನೋಗ್ರಾಂ. ಕೆಂಪು ಅಕ್ಷರ, ಪಕ್ಕದಲ್ಲಿ ಕೆಳಗೆ ತೋರಿಸುವ ಬಾಣ. ಅಮ್ಮನಿಗೆ ಹೇಳಿದರೆ ನಕ್ಕುಬಿಟ್ಟರು. "ಬೆಂಗಳೂರಲ್ಲಿ ಕೂತ್ಕೊಂಡು ಬಿಸಿಲು ಸಾಲ್ತಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರೇನೋ?"

ಅಮ್ಮ ಕೇಳಿದ್ದು ಸರಿಯಾಗೇ ಇದೆ. ವರ್ಷಪೂರ್ತಿ ಬಿಸಿಲಿರುವ ದೇಶಗಳಲ್ಲೇ ಈ ಕೊರತೆ ಯಾಕೆ ಇಷ್ಟು ಜಾಸ್ತಿ? ಭಾರತ, ನೈಜೀರಿಯಾ, ಕೊಲ್ಲಿ ದೇಶಗಳು, ಎಲ್ಲ ಕಡೆ ಇದೇ ಕಥೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಊಟದ ಟೇಬಲ್ಲಿನಲ್ಲಿ ನಾವು ನಂಬರ್ ಹೋಲಿಸಿಕೊಂಡು ನಗುತ್ತಿರುತ್ತೇವಲ್ಲ, ಈ ಸಮಸ್ಯೆಯ ನಿಜವಾದ ಏಟು ಬೀಳುತ್ತಿರುವುದು ನಮ್ಮ ಮೇಲಲ್ಲ. ಏಟು ತಿನ್ನುವವರ ಹತ್ತಿರ ರಿಪೋರ್ಟೇ ಇರುವುದಿಲ್ಲ.

ಮೊದಲು ಈ ವಿಟಮಿನ್ ಡಿ ಏನು ಅಂತ ನೋಡೋಣ. ಹೆಸರಿಗೆ ವಿಟಮಿನ್, ಆದರೆ ಉಳಿದ ವಿಟಮಿನ್‌ಗಳ ಹಾಗೆ ಊಟದಿಂದಲೇ ಬರಬೇಕು ಅಂತೇನಿಲ್ಲ. ನಮ್ಮ ಚರ್ಮವೇ ತಯಾರಿಸಿಕೊಳ್ಳುತ್ತದೆ. ಚರ್ಮದಲ್ಲಿ ಕೊಲೆಸ್ಟ್ರಾಲ್‌ನ ಹತ್ತಿರದ ನೆಂಟನೊಂದಿದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬಿ ಅನ್ನುವ ಕಿರಣ ಅದಕ್ಕೆ ತಾಗಿದರೆ ಅದು ವಿಟಮಿನ್ ಡಿ ಆಗುತ್ತದೆ. ಅಲ್ಲಿಂದ ರಕ್ತದಲ್ಲಿ ಲಿವರ್‌ಗೆ ಹೋಗಿ ಒಂದು ಸಲ ರೂಪ ಬದಲಾಯಿಸುತ್ತದೆ. ಲ್ಯಾಬಿನವರು ಅಳೆಯುವುದು ಈ ರೂಪವನ್ನೇ, ರಿಪೋರ್ಟಿನಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಅಂತ ಬರೆದಿರುತ್ತಾರೆ. ಆಮೇಲೆ ಕಿಡ್ನಿಯಲ್ಲಿ ಇನ್ನೊಂದು ಬದಲಾವಣೆ. ಆಗಲೇ ಅದು ಕೆಲಸಕ್ಕೆ ಬರುವುದು. ಕಿಡ್ನಿ ತೊಂದರೆ ಇರುವವರಿಗೆ ಬೇರೆಯದೇ ಮಾತ್ರೆ ಕೊಡುವುದು ಇದಕ್ಕೇ.

ಇದರ ಮುಖ್ಯ ಕೆಲಸ ಕರುಳಿನಲ್ಲಿ. ತಿಂದ ಊಟದಲ್ಲಿರುವ ಕ್ಯಾಲ್ಸಿಯಂ ರಕ್ತಕ್ಕೆ ಸೇರಬೇಕಾದರೆ ವಿಟಮಿನ್ ಡಿ ಬೇಕು. ಅದು ಸಾಕಷ್ಟಿದ್ದರೆ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಒಳಗೆ ಹೋಗುತ್ತದೆ. ಇಲ್ಲದಿದ್ದರೆ ಹತ್ತು ಹದಿನೈದು ಪಾಲು, ಉಳಿದದ್ದು ಹಾಗೇ ಹೊರಗೆ. ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಲು ದೇಹ ಬಿಡುವುದಿಲ್ಲ. ಇಳಿದರೆ ಹೃದಯ, ನರ, ಸ್ನಾಯು ಎಲ್ಲ ಎಡವಟ್ಟಾಗುತ್ತವೆ. ಅದಕ್ಕೇ ಕತ್ತಿನಲ್ಲಿ, ಥೈರಾಯ್ಡ್ ಹಿಂದೆ, ಅಕ್ಕಿಕಾಳಿನಷ್ಟಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾವಲು ಕೂತಿವೆ. ಕ್ಯಾಲ್ಸಿಯಂ ಸ್ವಲ್ಪ ಕಡಿಮೆಯಾಯಿತೋ, ಅವು ಹಾರ್ಮೋನ್ ಬಿಟ್ಟು ಮೂಳೆಯಿಂದ ಎಳೆದು ರಕ್ತಕ್ಕೆ ಸುರಿಯುತ್ತವೆ. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ನಾರ್ಮಲ್ ಅಂತಲೇ ಬರುತ್ತಿರುತ್ತದೆ. ಒಳಗೆ ಕಣಜ ಖಾಲಿಯಾಗುತ್ತಿರುತ್ತದೆ.

ಬೆಂಗಳೂರಿನಲ್ಲಿ ಯಾವ ರಸ್ತೆಗೆ ಹೋದರೂ ಒಂದು ಬಿಲ್ಡಿಂಗ್ ಎದ್ದೇಳುತ್ತಿರುತ್ತದೆ, ಅಲ್ವಾ? ಕಂಬಿ ಕಟ್ಟಿ, ಹಲಗೆ ಹೊಡೆದು, ಕಾಂಕ್ರೀಟ್ ಹಾಕದೆ ಬಿಟ್ಟುಬಿಟ್ಟರೆ ಏನಾಗುತ್ತದೆ ಅಂತ ಯೋಚಿಸಿ. ವಿಟಮಿನ್ ಡಿ ತೀರಾ ಕಡಿಮೆಯಾದಾಗ ಮೂಳೆಯ ಗತಿ ಅದೇ. ಪ್ರೋಟೀನಿನ ಹಂದರ ಇರುತ್ತದೆ, ಅದಕ್ಕೆ ಖನಿಜ ತುಂಬುವುದಿಲ್ಲ. ಬೆಳೆಯುವ ಮಕ್ಕಳಲ್ಲಿ ಇದಕ್ಕೆ ರಿಕೆಟ್ಸ್ ಅನ್ನುತ್ತಾರೆ. ಮೈ ಭಾರಕ್ಕೆ ಕಾಲು ಬಾಗುತ್ತದೆ, ಮಣಿಕಟ್ಟು ದಪ್ಪಗಾಗುತ್ತದೆ, ಹಲ್ಲು ತಡವಾಗಿ ಬರುತ್ತದೆ, ನಡಿಗೆಯೂ ತಡ. ದೊಡ್ಡವರಲ್ಲಿ ಕಾಲು ಬಾಗುವುದಿಲ್ಲ, ಮೂಳೆ ಮೆತ್ತಗಾಗುತ್ತದೆ. ಡಾಕ್ಟರುಗಳ ಬಾಯಲ್ಲಿ ಅದು ಆಸ್ಟಿಯೋಮಲೇಶಿಯಾ. ಸೊಂಟ, ತೊಡೆ, ಪಕ್ಕೆ ಎಲ್ಲ ಸದಾ ನೋವು. ನೆಲದ ಮೇಲೆ ಕೂತವರಿಗೆ ಕೈ ಊರದೆ ಏಳಲು ಆಗುವುದಿಲ್ಲ. ನಮ್ಮಲ್ಲಿ ಹೆಂಗಸರು ಹೀಗಂದರೆ "ಬಾಣಂತನ ಸರಿಯಾಗಿ ಆಗಿಲ್ಲ, ಅದಕ್ಕೇ" ಅಂತ ಹೇಳಿ ಮುಗಿಸುತ್ತೇವೆ. ವಯಸ್ಸಾದ ಮೇಲೆ ಬರುವ ಮೂಳೆ ಸವೆತ ಬೇರೆ ಕಾಯಿಲೆ. ಎರಡೂ ಒಟ್ಟಿಗೇ ಇರಬಹುದು, ಆದರೆ ಒಂದೇ ಅಲ್ಲ.

ಈಗ ಬಿಸಿಲಿಗೆ ಬರೋಣ.

ನಮ್ಮ ಮನೆಗಳಲ್ಲಿ ಒಂದು ಗಟ್ಟಿ ನಂಬಿಕೆ ಇದೆ: ಎಳೆ ಬಿಸಿಲು ಒಳ್ಳೆಯದು. ಮಗುವಿಗೆ ಎಣ್ಣೆ ಹಚ್ಚಿ ಬೆಳಿಗ್ಗೆ ಏಳು ಗಂಟೆಗೆ ಬಾಗಿಲಲ್ಲಿ ಹಿಡಿದುಕೊಂಡು ಕೂರುತ್ತೇವೆ. ಲಾಲ್‌ಬಾಗಿನಲ್ಲಿ ಆರೂವರೆಗೆ ವಾಕಿಂಗ್ ಬರುವ ಯಜಮಾನರೆಲ್ಲ "ನಮಗೆ ಡಿ ವಿಟಮಿನ್ನಿಗೆ ಬರ ಇಲ್ಲ ಬಿಡಿ" ಅನ್ನುತ್ತಾರೆ. ಮೈ ಬೆಚ್ಚಗಾಗುತ್ತದೆ, ಮನಸ್ಸಿಗೆ ಹಾಯ್ ಅನ್ನಿಸುತ್ತದೆ, ಅದೆಲ್ಲ ನಿಜ. ವಿಟಮಿನ್ ಡಿ ಮಾತ್ರ ಹೆಚ್ಚುಕಡಿಮೆ ಸೊನ್ನೆ. ಸೂರ್ಯ ಕೆಳಗಿದ್ದಾಗ ಕಿರಣ ಓರೆಯಾಗಿ ಬಂದು ಗಾಳಿಯಲ್ಲಿ ಬಹಳ ದೂರ ಸಾಗಬೇಕು. ಅಷ್ಟರಲ್ಲಿ ಓಝೋನ್ ಪದರ ಅಲ್ಟ್ರಾವಯಲೆಟ್ ಬಿ ಯನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿಬಿಡುತ್ತದೆ. ನಮ್ಮ ಪಕ್ಕದ ತಿರುಪತಿಯಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅಲ್ಲಿ ವಿಟಮಿನ್ ಡಿ ಚೆನ್ನಾಗಿ ತಯಾರಾಗಿದ್ದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲಿನಲ್ಲಿ. ಅಂದರೆ "ಬಿಸಿಲಲ್ಲಿ ಯಾಕೋ ಅಲೀತೀಯಾ" ಅಂತ ಅಮ್ಮಂದಿರು ಬೈಯುವ ಅದೇ ಹೊತ್ತಿನಲ್ಲಿ.

ಇದಕ್ಕೆ ಯಾವ ಯಂತ್ರವೂ ಬೇಡ, ನಿಮ್ಮ ನೆರಳು ಸಾಕು. ನೆರಳು ನಿಮ್ಮ ಎತ್ತರಕ್ಕಿಂತ ಉದ್ದ ಇದ್ದರೆ ಆ ಬಿಸಿಲಿನಿಂದ ವಿಟಮಿನ್ ಡಿ ಅಷ್ಟಾಗಿ ಸಿಗುವುದಿಲ್ಲ. ಗಿಡ್ಡ ಇದ್ದರೆ ಸಿಗುತ್ತದೆ. ಬೆಳಿಗ್ಗೆ ಏಳೂವರೆಗೆ ತಾರಸಿಗೆ ಹೋಗಿ ನಿಂತು ನೋಡಿ, ನಿಮ್ಮ ನೆರಳು ನೀರಿನ ಟ್ಯಾಂಕ್ ದಾಟಿ ಪಕ್ಕದ ಮನೆ ಗೋಡೆ ಹತ್ತಿರುತ್ತದೆ. ಹನ್ನೆರಡೂಕಾಲಿಗೆ ಹೋದರೆ ಕಾಲ ಬುಡದಲ್ಲೇ ಮುದುಡಿಕೊಂಡು ಕೂತಿರುತ್ತದೆ.

ಈ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ನಾವಿರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಬರೀ 13 ಡಿಗ್ರಿ. ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲದಂತಾಗುತ್ತದೆ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳು ಬಾಟಲಿ, ಕಡ್ಡಿ ಎಲ್ಲ ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ಲ, ಅದೇ. ಡಿಸೆಂಬರ್ 21ರ ಚಳಿಯಲ್ಲಿ ಕೂಡ ನಡುಮಧ್ಯಾಹ್ನ ಐದು ಅಡಿ ಎತ್ತರದವರ ನೆರಳು ನಾಲ್ಕು ಅಡಿ ಮುಟ್ಟುವುದಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ದಿನವಿಡೀ ಬಿಸಿಲಿನಲ್ಲಿ ನಿಂತರೂ ಚರ್ಮಕ್ಕೆ ಏನೂ ಸಿಗುವುದಿಲ್ಲ. ನಮಗೆ ವರ್ಷದ 365 ದಿನವೂ ಮೋಡ ಇಲ್ಲದಿದ್ದರೆ ಸಾಕು.

ಹಾಗಾದರೆ ಬಿಸಿಲು ಹೋಗುತ್ತಿರುವುದೆಲ್ಲಿಗೆ?

ನನ್ನ ಲೆಕ್ಕ ಹೇಳುತ್ತೇನೆ. ಎಂಟೂವರೆಗೆ ಮನೆ ಬಿಡುತ್ತೇನೆ, ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬಿನಲ್ಲಿ ಮುಕ್ಕಾಲು ಗಂಟೆ. ಕಿಟಕಿಯಿಂದ ಬಿಸಿಲು ಮುಖಕ್ಕೆ ಹೊಡೆಯುತ್ತಿರುತ್ತದೆ, ಆದರೆ ಗಾಜು ಅಲ್ಟ್ರಾವಯಲೆಟ್ ಬಿ ಯನ್ನು ಬಿಡುವುದಿಲ್ಲ. ಆಮೇಲೆ ಆಫೀಸು, ಗೋಡೆಯೆಲ್ಲಾ ಗಾಜೇ. ಹನ್ನೊಂದರಿಂದ ಎರಡರವರೆಗೆ ಮೂರು ಮೀಟಿಂಗು. ಹೊರಗೆ ಬಂದಾಗ ಬೀದಿದೀಪ ಹತ್ತಿರುತ್ತದೆ. ಶನಿವಾರ ಭಾನುವಾರ ಮಾಲ್. 17 ಬಂದಿದ್ದೇ ಹೆಚ್ಚು ಅನ್ನಿ.

ಅಮ್ಮನ ಕಾಲದಲ್ಲಿ ಏಪ್ರಿಲ್ ಬಂತೆಂದರೆ ತಾರಸಿ ತುಂಬ ಸಂಡಿಗೆ. ಬೆಳಿಗ್ಗೆ ಹಿಟ್ಟು ಕುದಿಸಿ, ಹತ್ತಕ್ಕೆ ಪಂಚೆ ಹಾಸಿ, ಒತ್ತಿ, ಆಮೇಲೆ ಎರಡು ಗಂಟೆ ಕಾಗೆ ಓಡಿಸುತ್ತಾ ಅಲ್ಲೇ ಕೂತಿರುತ್ತಿದ್ದರು. ಅರ್ಧ ತೋಳಿನ ರವಿಕೆ, ಬೆನ್ನು, ಕೈ, ಪಾದ ಎಲ್ಲ ಬಿಸಿಲಿಗೆ. ಮೆಣಸಿನಕಾಯಿ, ಉಪ್ಪಿನಕಾಯಿ ಮಾವು, ಹಾಸಿಗೆ ದಿಂಬು, ಒಣಗಿಸಲು ಒಂದಲ್ಲಾ ಒಂದು ಇದ್ದೇ ಇರುತ್ತಿತ್ತು. ಯಾರೂ ವಿಟಮಿನ್ನಿಗಾಗಿ ಹೋಗುತ್ತಿರಲಿಲ್ಲ. ಈಗ ಸಂಡಿಗೆ ಅಂಗಡಿಯಿಂದ ಬರುತ್ತದೆ, ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಬೀಗ, ಕೀಲಿ ವಾಚ್‌ಮನ್ ಹತ್ತಿರ. ಕೇಳಿದರೆ "ಅಸೋಸಿಯೇಷನ್ ಪರ್ಮಿಶನ್ ಬೇಕು ಸಾರ್" ಅನ್ನುತ್ತಾನೆ.

ಇದರ ಜೊತೆಗೆ ನಮ್ಮ ಚರ್ಮದ ಬಣ್ಣ. ಮೆಲನಿನ್ ಅನ್ನುವ ಕಪ್ಪು ವಸ್ತು ಸಹಜವಾದ ಸನ್‌ಸ್ಕ್ರೀನು. ಸುಡುವುದರಿಂದ ಕಾಪಾಡುತ್ತದೆ, ಅದಕ್ಕೆ ಪ್ರತಿಯಾಗಿ ವಿಟಮಿನ್ ಡಿ ತಯಾರಿಯನ್ನು ನಿಧಾನ ಮಾಡುತ್ತದೆ. ಬಿಳಿಯರಿಗೆ ಹತ್ತು ನಿಮಿಷ ಸಾಕಾದರೆ ನಮಗೆ ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ವಯಸ್ಸಾದಂತೆ ಚರ್ಮದಲ್ಲಿ ಕಚ್ಚಾ ಮಾಲೇ ಕಡಿಮೆಯಾಗುತ್ತದೆ, ಎಪ್ಪತ್ತರ ಅಜ್ಜನಿಗೆ ಇಪ್ಪತ್ತರ ಮೊಮ್ಮಗನ ಕಾಲು ಭಾಗದಷ್ಟು ಸಿಕ್ಕರೆ ಹೆಚ್ಚು. ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದರೆ ವಿಟಮಿನ್ ಡಿ ಅದರೊಳಗೆ ಹೋಗಿ ಅವಿತುಕೊಳ್ಳುತ್ತದೆ. ಇನ್ನು ಹೊಗೆ, ಧೂಳು. ದೆಹಲಿಯಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಮರೆಯಲಾಗುವುದಿಲ್ಲ. ಗಾಳಿ ತೀರಾ ಕೆಟ್ಟಿರುವ ಮೋರಿ ಗೇಟ್ ಮತ್ತು ಆಗ ಅಷ್ಟು ಕೆಟ್ಟಿರದ ಗುರ್‌ಗಾಂವ್, ಎರಡೂ ಕಡೆಯ ಎಳೆಯ ಮಕ್ಕಳ ರಕ್ತ ಪರೀಕ್ಷಿಸಿದರು. ಗುರ್‌ಗಾಂವಿನ ಮಕ್ಕಳ ಸರಾಸರಿ 27, ಮೋರಿ ಗೇಟಿನವರದು 12. ಹೆಚ್ಚುಕಡಿಮೆ ಒಂದೇ ಊರು, ಒಂದೇ ಸೂರ್ಯ. ಪೀಣ್ಯದ ಒಳರಸ್ತೆಯಲ್ಲಿ ಬೆಳೆಯುವ ಮಕ್ಕಳನ್ನು ನೆನೆದಾಗಲೆಲ್ಲ ನನಗೆ ಈ ಎರಡು ನಂಬರು ನೆನಪಾಗುತ್ತವೆ.

ಹೊರಗೆ ದುಡಿಯುವವರಿಗಾದರೂ ಸಾಕಷ್ಟು ಸಿಗಬೇಕಲ್ಲ? ಸಿಗುತ್ತದೆ, ಆದರೆ ನಾವು ಅಂದುಕೊಂಡಷ್ಟಲ್ಲ. ತಿರುಪತಿ ಸುತ್ತಮುತ್ತ ಮಾಡಿದ ಅಧ್ಯಯನಗಳಲ್ಲಿ ಹಳ್ಳಿಯವರ ಮಟ್ಟ ಪಟ್ಟಣದವರಿಗಿಂತ ಚೆನ್ನಾಗಿತ್ತು, ಆದರೂ ಹಳ್ಳಿಯವರಲ್ಲೇ ಬಹಳ ಜನರಿಗೆ, ಅದರಲ್ಲೂ ಹೆಂಗಸರಿಗೆ, 20ಕ್ಕಿಂತ ಕಡಿಮೆ ಇತ್ತು. ಇದಕ್ಕೆ ಒಂದು ಕಾರಣ ಊಟದಲ್ಲಿದೆ. ಕ್ಯಾಲ್ಸಿಯಂ ಕಡಿಮೆ ತಿಂದರೆ ಮೊದಲು ಹೇಳಿದ ಆ ನಾಲ್ಕು ಗ್ರಂಥಿಗಳು ಸದಾ ಕೆಲಸದಲ್ಲಿರುತ್ತವೆ. ಅವುಗಳ ಹಾರ್ಮೋನ್ ಕಿಡ್ನಿಯನ್ನು ಓಡಿಸುತ್ತದೆ, ಇದ್ದ ವಿಟಮಿನ್ ಡಿ ಬೇಗ ಖರ್ಚಾಗುತ್ತದೆ. ಬಿಸಿಲಿನಿಂದ ಬಂದದ್ದು ಊಟದ ಬಡತನದಲ್ಲಿ ಕರಗಿಹೋಗುತ್ತದೆ ಅನ್ನಿ.

ನೈಜೀರಿಯಾದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಯಿತು. ಅಲ್ಲಿ ಬಿಸಿಲಿನಲ್ಲೇ ಆಡಿಕೊಂಡಿದ್ದ ಮಕ್ಕಳಿಗೆ ರಿಕೆಟ್ಸ್ ಬರುತ್ತಿತ್ತು. 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಲವು ಮಕ್ಕಳಿಗೆ ಬರೀ ವಿಟಮಿನ್ ಡಿ, ಕೆಲವರಿಗೆ ಬರೀ ಕ್ಯಾಲ್ಸಿಯಂ, ಇನ್ನು ಕೆಲವರಿಗೆ ಎರಡೂ ಕೊಟ್ಟರು. ಕ್ಯಾಲ್ಸಿಯಂ ಸಿಕ್ಕವರು, ಜೊತೆಗೆ ಡಿ ಇರಲಿ ಬಿಡಲಿ, ಬರೀ ವಿಟಮಿನ್ ಡಿ ಸಿಕ್ಕವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಬಡ ದೇಶಗಳಲ್ಲಿ ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಪ್ರಯೋಜನ ಇಲ್ಲ. ನಮ್ಮ ಹಳೇ ಮೈಸೂರಿನ ಕಡೆಯವರು ಇಲ್ಲಿ ಸ್ವಲ್ಪ ಬೀಗಬಹುದು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಗೋಧಿಯಲ್ಲಿ ಇದರ ಹತ್ತನೇ ಒಂದು ಪಾಲಿನ ಸುತ್ತ, ಅಕ್ಕಿಯಲ್ಲಿ ಅದಕ್ಕಿಂತಲೂ ಕಡಿಮೆ. ರಾಗಿಯಲ್ಲಿ ಫೈಟೇಟ್ ಅನ್ನುವ ಅಂಶವೂ ಇದೆ, ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ನೆನೆಸಿ, ಮೊಳಕೆ ಕಟ್ಟಿ, ಹುರಿದು ಹಿಟ್ಟು ಮಾಡಿದರೆ ಅದು ಕಡಿಮೆಯಾಗುತ್ತದೆ. ಮಗುವಿಗೆ ರಾಗಿ ಸರಿ ಮಾಡುವಾಗ ಅಜ್ಜಿಯಂದಿರು ಮಾಡುತ್ತಿದ್ದದ್ದು ಇದನ್ನೇ.

ಈ ಕಾಯಿಲೆಯ ಚರಿತ್ರೆಯಲ್ಲಿ ನಮ್ಮ ದೇಶದ್ದೂ ಒಂದು ಪುಟ ಇದೆ. ಕಲ್ಲಿದ್ದಲ ಹೊಗೆ ತುಂಬಿದ ಯೂರೋಪಿನ ಊರುಗಳಲ್ಲಿ ರಿಕೆಟ್ಸ್ ಮನೆಮಾತಾಗಿದ್ದಾಗ, ಅದು ಊಟದ ದೋಷವೋ ಬಿಸಿಲಿನ ದೋಷವೋ ಅಂತ ದೊಡ್ಡ ಜಗಳ. 1922ರಲ್ಲಿ ನಾಸಿಕ್ ಕಡೆ ಕೆಲಸ ಮಾಡುತ್ತಿದ್ದ ಇಬ್ಬರು ವೈದ್ಯರು ಒಂದು ವಿಚಿತ್ರ ಬರೆದಿಟ್ಟರು. ಪರದೆ ಪದ್ಧತಿಯ ಅನುಕೂಲಸ್ಥರ ಮನೆಗಳಲ್ಲಿ ತುಪ್ಪ ಹಾಲು ತಿಂದ ಮಕ್ಕಳಿಗೆ ರಿಕೆಟ್ಸ್ ಇತ್ತು. ಅರೆಹೊಟ್ಟೆಯಲ್ಲಿದ್ದರೂ ತಾಯಿ ಜೊತೆ ಹೊಲದಲ್ಲಿ ಬಿದ್ದುಕೊಂಡಿದ್ದ ಕೂಲಿಯವರ ಮಕ್ಕಳಿಗೆ ಅಷ್ಟಾಗಿ ಇರಲಿಲ್ಲ. ಒಳಗೆ ಕೂತವರ ಕಾಯಿಲೆ ಅಂತ ಆಗಲೇ ಗೊತ್ತಾಗಿತ್ತು. ಈಗ ಒಳಗೆ ಕೂತು ದುಡಿಯುವ ಬಡವರೂ ಸೇರಿಕೊಂಡಿದ್ದಾರೆ, ಬದಲಾಗಿರುವುದು ಅಷ್ಟೇ.

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಮಗಳು ಮೈಸೂರು ರಸ್ತೆಯ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಒಂಬತ್ತಕ್ಕೆ ಒಳಗೆ, ಸಂಜೆ ಐದೂವರೆಗೆ ಹೊರಗೆ. ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ, ಅದೂ ಶೆಡ್ಡಿನ ಒಳಗೇ ಡಬ್ಬಿ ಬಿಚ್ಚಿಕೊಂಡು. ಮನೆ ಇರುವುದು ಒಂದು ಸ್ಕೂಟರ್ ನುಗ್ಗುವಷ್ಟು ಅಗಲದ ಗಲ್ಲಿಯಲ್ಲಿ, ಎರಡೂ ಕಡೆ ಮೂರು ಮಹಡಿ. ಆ ಗಲ್ಲಿಯ ನೆಲಕ್ಕೆ ಸೂರ್ಯ ಬೀಳುವುದು ದಿನಕ್ಕೆ ಎಷ್ಟು ಹೊತ್ತು ಅಂತ ನಾನು ಕೇಳಿದ್ದೆ. "ಬಟ್ಟೆನೇ ಒಣಗಲ್ಲ ಅಣ್ಣಾ" ಅಂದರು ಅಕ್ಕ. ಆ ಹುಡುಗಿಗೆ ಹೋದ ವರ್ಷ ಮಗುವಾಯಿತು. ಅವಳ ವಿಟಮಿನ್ ಡಿ ಎಷ್ಟಿದೆ ಅಂತ ಯಾರೂ ನೋಡಿಲ್ಲ. ಆ ಪರೀಕ್ಷೆಗೆ ಲ್ಯಾಬಿನಲ್ಲಿ ಸಾವಿರದ ಮೇಲೆ ಕೇಳುತ್ತಾರೆ, ಅವರ ವಾರದ ಮನೆಖರ್ಚು.

ಮಕ್ಕಳ ವಿಷಯದಲ್ಲಿ ಇದು ಗಂಭೀರ. ಹುಟ್ಟುವ ಮಗುವಿಗೆ ವಿಟಮಿನ್ ಡಿ ಬರುವುದು ತಾಯಿಯಿಂದ. ತಾಯಿಯ ಹತ್ತಿರವೇ ಇಲ್ಲದಿದ್ದರೆ ಮಗು ಹುಟ್ಟುವಾಗಲೇ ಖಾಲಿ. ಎದೆಹಾಲಿಗೆ ಸಾಟಿ ಬೇರೆ ಇಲ್ಲ, ಆದರೆ ಅದರಲ್ಲಿ ವಿಟಮಿನ್ ಡಿ ಒಂದು ಲೀಟರಿಗೆ ನೂರು ಐಯು ಕೂಡ ಇರುವುದಿಲ್ಲ. ಮಗುವಿಗೆ ದಿನಕ್ಕೆ ಬೇಕಾದದ್ದು 400. ಕೊರತೆ ತೀರಾ ಆದಾಗ ರಕ್ತದ ಕ್ಯಾಲ್ಸಿಯಂ ಇಳಿದು ಎಳೆಮಗುವಿಗೆ ಫಿಟ್ಸ್ ಬರಬಹುದು. ಜ್ವರವಿಲ್ಲದೆ ಫಿಟ್ಸ್ ಬಂದ ಮಗುವನ್ನು ಎತ್ತಿಕೊಂಡು ಓಡುವ ತಾಯಿಗೆ ಇದು ಬಿಸಿಲಿನ ವಿಷಯ ಅಂತ ಹೊಳೆಯುವುದಾದರೂ ಹೇಗೆ? ಅದಕ್ಕೇ ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ಎಲ್ಲ ಮಕ್ಕಳಿಗೂ ದಿನಕ್ಕೆ 400 ಐಯು ಹನಿ ಕೊಡಿ ಅಂತ ಮಕ್ಕಳ ಡಾಕ್ಟರುಗಳು ಹೇಳುವುದು. ಪರೀಕ್ಷೆ ಬೇಡ, ಲೆಕ್ಕ ಬೇಡ, ಎಲ್ಲರಿಗೂ.

ದೇಶದಲ್ಲಿ ಎಷ್ಟು ಮಕ್ಕಳಿಗೆ ಕೊರತೆ ಇದೆ? ಇದಕ್ಕೆ ನಂಬುವಂಥ ಲೆಕ್ಕವೊಂದಿದೆ. 2016ರಿಂದ 18ರವರೆಗೆ ಕೇಂದ್ರ ಸರ್ಕಾರ ದೇಶದುದ್ದಕ್ಕೂ ಮಕ್ಕಳ ಪೋಷಣೆಯ ಸಮೀಕ್ಷೆ ಮಾಡಿಸಿತು. ಅದರ ಪ್ರಕಾರ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 14, ಐದರಿಂದ ಒಂಬತ್ತರಲ್ಲಿ 18, ಹತ್ತರಿಂದ ಹತ್ತೊಂಬತ್ತರವರಲ್ಲಿ 24 ಜನಕ್ಕೆ ಕೊರತೆ. ಸುಮ್ನೆ ಓದಿದರೆ "ಅಷ್ಟೇನಾ? ಭಾರತದಲ್ಲಿ ತೊಂಬತ್ತು ಪರ್ಸೆಂಟ್ ಜನಕ್ಕೆ ಕೊರತೆ ಅಂತ ವಾಟ್ಸಾಪಿನಲ್ಲಿ ಬಂದಿತ್ತಲ್ಲ" ಅನ್ನಿಸುತ್ತದೆ. ಎಲ್ಲ ಇರುವುದು ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರಲ್ಲಿ. ಆ ಸಮೀಕ್ಷೆ 12ಕ್ಕಿಂತ ಕೆಳಗಿದ್ದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿತು. ಮೂಳೆಗೆ ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ ಕೆಳಗೆ. ಗೆರೆಯನ್ನು 20ಕ್ಕೋ 30ಕ್ಕೋ ಏರಿಸಿದರೆ ಅರ್ಧ ದೇಶವೇ ರೋಗಿ.

ಈ ಗೆರೆಯ ಕಥೆ ಸ್ವಲ್ಪ ತಮಾಷೆಯಾಗಿದೆ. 2011ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 20 ಇದ್ದರೆ ನೂರಕ್ಕೆ 97 ಜನಕ್ಕೂ ಸಾಕು ಅಂದಿತು. ಅದೇ ವರ್ಷ ಎಂಡೋಕ್ರೈನ್ ಸೊಸೈಟಿ ಅನ್ನುವ ಹಾರ್ಮೋನ್ ತಜ್ಞರ ಸಂಘ 20ಕ್ಕಿಂತ ಕೆಳಗೆ ಕೊರತೆ, 30ರವರೆಗೆ ಸಾಲದು ಅಂದಿತು. ಲ್ಯಾಬುಗಳು ಹಿಡಿದುಕೊಂಡಿದ್ದು ಈ ಎರಡನೆಯದನ್ನು. ನಿಮಗೆ 28 ಬಂದರೂ ಕೆಂಪು ಅಕ್ಷರ ಬೀಳುವುದು ಅದಕ್ಕೇ. 20 ಸಾಕು ಅಂದರೆ ಪ್ರತಿಯೊಬ್ಬರಿಗೂ 20 ಇರಲೇಬೇಕು ಅಂತಲೂ ಅಲ್ಲ. ಅರ್ಧದಷ್ಟು ಜನಕ್ಕೆ 16 ಇದ್ದರೂ ನಡೆಯುತ್ತದೆ ಅಂತ ಅದೇ ವರದಿಯಲ್ಲಿದೆ. ನನ್ನ 17 ಯಾವ ಕಡೆಗೆ? ರಿಪೋರ್ಟು ಅದನ್ನು ಹೇಳುವುದಿಲ್ಲ. ಕೊನೆಗೆ 2024ರಲ್ಲಿ ಅದೇ ಎಂಡೋಕ್ರೈನ್ ಸೊಸೈಟಿ ತನ್ನ 30ರ ಗೆರೆಯನ್ನು ಕೈಬಿಟ್ಟು, ಆರೋಗ್ಯವಾಗಿರುವ ದೊಡ್ಡವರಿಗೆ ಸುಮ್ಮನೆ ಈ ಪರೀಕ್ಷೆ ಮಾಡಿಸಬೇಡಿ ಅಂದಿತು. ನಮ್ಮ ಹೆಲ್ತ್ ಪ್ಯಾಕೇಜಿನವರಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಪುಡಿ ಕುಡಿದರೆ ಸುಸ್ತು, ಮೈಕೈ ನೋವು, ಕೂದಲು ಉದುರುವುದು, ಶುಗರ್, ಹಾರ್ಟು ಎಲ್ಲ ಸರಿಹೋಗುತ್ತದೆ ಅನ್ನುವ ಆಸೆಯೂ ಜೋರಾಗಿಯೇ ಇತ್ತು. ಅಮೆರಿಕದಲ್ಲಿ ವೈಟಲ್ ಅನ್ನುವ ಪ್ರಯೋಗ ನಡೆಯಿತು, 25,871 ಜನಕ್ಕೆ, ಅರ್ಧ ಜನಕ್ಕೆ ದಿನಕ್ಕೆ 2,000 ಐಯು, ಸುಮಾರು ಐದು ವರ್ಷ. ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ, ಹೃದಯಾಘಾತವೂ ಕಡಿಮೆಯಾಗಲಿಲ್ಲ, ಮೂಳೆ ಮುರಿಯುವುದು ಕೂಡ ಕಡಿಮೆಯಾಗಲಿಲ್ಲ. ಅವರಲ್ಲಿ ಬಹಳ ಜನಕ್ಕೆ ಮೊದಲೇ ಕೊರತೆ ಇರಲಿಲ್ಲ ಅನ್ನುವ ವಾದ ಇದೆ, ಸರಿಯಾದ ವಾದವೇ. ಆದರೆ ಮಂಗೋಲಿಯಾದಲ್ಲಿ 8,851 ಶಾಲಾ ಮಕ್ಕಳಿಗೆ ಮೂರು ವರ್ಷ ನಡೆದ ಪ್ರಯೋಗದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ 20ಕ್ಕಿಂತ ಕಡಿಮೆ ಇತ್ತು. ಅಲ್ಲೂ ಕ್ಷಯದ ಸೋಂಕು ತಡೆಯಲು ವಿಟಮಿನ್ ಡಿ ಯಿಂದ ಆಗಲಿಲ್ಲ. ಮೂಳೆಯ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ, ಉಳಿದದ್ದನ್ನು ಅದರ ತಲೆಗೆ ಕಟ್ಟಿದವರು ನಾವು.

ಜಾಸ್ತಿಯಾದರೂ ತೊಂದರೆ. ಬಿಸಿಲಿನಿಂದ ಜಾಸ್ತಿಯಾಗುವುದಿಲ್ಲ, ಹೆಚ್ಚಾದದ್ದನ್ನು ಅದೇ ಬಿಸಿಲು ಚರ್ಮದಲ್ಲೇ ಒಡೆದುಹಾಕುತ್ತದೆ. ಪುಡಿಗೆ ಆ ಬುದ್ಧಿ ಇಲ್ಲ. ನಮ್ಮ ದೂರದ ನೆಂಟರೊಬ್ಬರು ವಾರಕ್ಕೊಂದು ಕುಡಿಯಬೇಕಾದ ಪ್ಯಾಕೆಟನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ಕುಡಿದರು. ಬರೆದುಕೊಟ್ಟ ಚೀಟಿಯಲ್ಲಿ ಎಲ್ಲ ಸರಿಯಾಗೇ ಇತ್ತು, ಅಂಗಡಿಯಲ್ಲಿ ಹೇಳಿದ್ದು ಬೇರೆ, ಇವರಿಗೆ ಕೇಳಿಸಿದ್ದು ಇನ್ನೂ ಬೇರೆ. ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ. ಕೊನೆಗೆ ಆಸ್ಪತ್ರೆ ಸೇರಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಏಟು ಬಿದ್ದಿತ್ತು. ಒಂದೇ ಸಲ 6 ಲಕ್ಷ ಐಯು ಸೂಜಿ ಹಾಕಿಸಿಕೊಂಡು ಬರುವವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಂದು ಸಲ 5 ಲಕ್ಷ ಐಯು ಕೊಟ್ಟು ನೋಡಿದಾಗ ಬೀಳುವುದು, ಮೂಳೆ ಮುರಿಯುವುದು ಎರಡೂ ಜಾಸ್ತಿಯೇ ಆಯಿತು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೊಡ್ಡವರಿಗೆ ದಿನಕ್ಕೆ ಹೇಳಿರುವುದು 600 ಐಯು. ಕೊರತೆ ಇದೆ ಅಂತ ಡಾಕ್ಟರು ಬರೆದುಕೊಟ್ಟರೆ 60,000ದ ಪ್ಯಾಕೆಟ್ ಒಳ್ಳೆಯ ಮದ್ದೇ. ಆದರೆ ಒಂದು ಪ್ಯಾಕೆಟ್ ಅಂದರೆ ನೂರು ದಿನದ ಲೆಕ್ಕ ಅಂತ ನೆನಪಿರಲಿ.

ಊಟದಿಂದಲೇ ತುಂಬಿಸೋಣ ಅಂದರೆ ನಮ್ಮ ಅಡುಗೆಮನೆ ಕೈಕೊಡುತ್ತದೆ. ಸೊಪ್ಪು, ಬೇಳೆ, ತರಕಾರಿ ಯಾವುದರಲ್ಲೂ ಇಲ್ಲ. ಒಂದು ಮೊಟ್ಟೆಯ ಹಳದಿಯಲ್ಲಿ ನಲವತ್ತು ಐಯು ಆಸುಪಾಸು. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನಿನಲ್ಲಿ ಚೆನ್ನಾಗಿದೆ, ಕರಾವಳಿಯವರು ಖುಷಿಪಡಬಹುದು. ಅಣಬೆಯನ್ನು ಹೆಚ್ಚಿ ಮಧ್ಯಾಹ್ನದ ಬಿಸಿಲಿಗಿಟ್ಟರೆ ಅದೂ ನಮ್ಮ ಚರ್ಮದ ಹಾಗೇ ವಿಟಮಿನ್ ಡಿ ತಯಾರಿಸುತ್ತದೆ. ಹಸುವಿನ ಹಾಲಿನಲ್ಲಿ ಸಹಜವಾಗಿ ಇರುವುದು ತೀರಾ ಕಡಿಮೆ.

ಉಳಿದ ದಾರಿ ಊಟಕ್ಕೆ ಸೇರಿಸುವುದು. ಉಪ್ಪಿಗೆ ಅಯೋಡಿನ್ ಸೇರಿಸಿದ ಹಾಗೆ. ಫಿನ್ಲೆಂಡ್ 2003ರಿಂದ ಹಾಲಿಗೆ ಸೇರಿಸಿ, 2010ರಲ್ಲಿ ಪ್ರಮಾಣವನ್ನು ಎರಡು ಪಟ್ಟು ಮಾಡಿ, ದೇಶದ ಕೊರತೆಯನ್ನು ಬಹುಪಾಲು ಇಳಿಸಿತು. ಅಲ್ಲಿ ಚಳಿಗಾಲದಲ್ಲಿ ಸೂರ್ಯನೇ ಸರಿಯಾಗಿ ಹುಟ್ಟುವುದಿಲ್ಲ, ಆದರೂ. ನಮ್ಮಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರ 2018ರಲ್ಲಿ ಹಾಲು ಮತ್ತು ಅಡುಗೆ ಎಣ್ಣೆಗೆ ವಿಟಮಿನ್ ಎ, ಡಿ ಸೇರಿಸುವ ನಿಯಮ ತಂದಿತು. ಪ್ಯಾಕೆಟ್ ಮೇಲೆ ಪ್ಲಸ್ ಗುರುತಿನ ಜೊತೆ ಎಫ್ ಅಕ್ಷರದ ನೀಲಿ ಮುದ್ರೆ ಇದ್ದರೆ ಸೇರಿಸಿದ್ದಾರೆ ಅಂತ ಅರ್ಥ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಹಾಲಿಗೆ 200ರಿಂದ 300 ಐಯು, ಅಂದರೆ ಒಂದು ಲೋಟಕ್ಕೆ 40ರಿಂದ 60. ದಿನಕ್ಕೆ ನಾಲ್ಕು ಚಮಚ ಎಣ್ಣೆ ತಿಂದರೆ ನೂರರ ಸುತ್ತ. ಎರಡೂ ಸೇರಿ 600ರಲ್ಲಿ ಕಾಲು ಭಾಗ. ಕಮ್ಮಿಯೇ, ಆದರೆ ತಿನ್ನುವವರು ಏನೂ ಮಾಡದೆ, ಏನೂ ನೆನಪಿಟ್ಟುಕೊಳ್ಳದೆ ಸಿಗುವ ಕಾಲು ಭಾಗ. 12ರ ಗೆರೆಯ ಕೆಳಗಿರುವ ಎಷ್ಟೋ ಮಕ್ಕಳನ್ನು ಮೇಲೆತ್ತಲು ಅದೂ ಉಪಯೋಗಕ್ಕೆ ಬರುತ್ತದೆ. ತೊಡಕಿರುವುದು ತಲುಪುವುದರಲ್ಲಿ. ಅಕ್ಕನ ಮನೆಯಲ್ಲಿ ಹಾಲು ಟೀಗೆ ಮಾತ್ರ, ಅರ್ಧ ಲೀಟರಿನಲ್ಲಿ ಐದು ಜನ. ಎಣ್ಣೆ ಕೆಲವು ಸಲ ಪ್ಯಾಕೆಟ್ಟು, ಕೆಲವು ಸಲ ಬಿಡಿ ಎಣ್ಣೆ.

ಅದಕ್ಕೇ ನನಗೆ ಶಾಲೆಯ ಹಾಲಿನ ಮೇಲೆ ಹೆಚ್ಚು ನಂಬಿಕೆ. ಕರ್ನಾಟಕದಲ್ಲಿ 2013ರಿಂದ ಕ್ಷೀರಭಾಗ್ಯ ಇದೆ, ಮಗುವಿಗೆ 150 ಮಿಲಿಲೀಟರ್. 2024ರಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೂಡ ಸೇರಿತು. ಕ್ಯಾಲ್ಸಿಯಂ ಕಡೆಯ ಕೆಲಸ ಇದರಿಂದ ಸ್ವಲ್ಪವಾದರೂ ಆಗುತ್ತದೆ. ಇದರ ಜೊತೆಗೆ ಆಟದ ಪೀರಿಯಡ್ಡನ್ನು ಮಧ್ಯಾಹ್ನದ ಊಟಕ್ಕೆ ಮೊದಲು ಹಾಕಿದರೆ ಒಂದು ರೂಪಾಯಿ ಖರ್ಚೂ ಇಲ್ಲ. ಆದರೆ ಆಟದ ಮೈದಾನವೇ ಇಲ್ಲದ, ಎರಡನೇ ಮಹಡಿಯಲ್ಲಿ ನಡೆಯುವ ಶಾಲೆಗಳು ಈ ಊರಿನಲ್ಲಿ ಎಷ್ಟಿವೆ ಅಂತ ನಿಮಗೂ ಗೊತ್ತು.

ನಾನೇನು ಮಾಡುತ್ತಿದ್ದೇನೆ ಅಂದರೆ, ಊಟ ಆದಮೇಲೆ ತೋಳು ಮಡಚಿಕೊಂಡು ಆಫೀಸಿನ ಹಿಂದಿನ ಪಾರ್ಕಿಂಗಿನಲ್ಲಿ ಅರ್ಧ ಗಂಟೆ ನಡೆಯುತ್ತೇನೆ. ವಾರಕ್ಕೆ ಮೂರು ನಾಲ್ಕು ದಿನ. ಸೆಕ್ಯೂರಿಟಿಯವರು ಮೊದಲು ಅನುಮಾನದಿಂದ ನೋಡುತ್ತಿದ್ದರು, ಈಗ ಅಭ್ಯಾಸವಾಗಿದೆ. "ಕಪ್ಪಗಾಗ್ತೀಯಾ" ಅಂತ ಅಮ್ಮ ಅಂದರು. ಬಿಸಿಲು ಸಾಲ್ತಿಲ್ಲ ಅಂದರೆ ನಕ್ಕವರೂ ಇವರೇ.

ಮೊನ್ನೆ ಅಕ್ಕ ಒಂದು ಪುಟ್ಟ ಬಾಟಲಿ ತಂದಿದ್ದರು. ಮೊಮ್ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಡಾಕ್ಟರು ಬರೆದುಕೊಟ್ಟ ವಿಟಮಿನ್ ಡಿ ಹನಿ. "ಎಷ್ಟು ಹಾಕ್ಬೇಕು ಅಂತ ಹೇಳಿದ್ರು, ಮರ್ತೋಯ್ತು. ಓದಿ ಹೇಳಿ ಅಣ್ಣಾ." ಡಬ್ಬಿಯ ಮೇಲೆ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರ. ಕೆಲವು ಕಂಪನಿಯದರಲ್ಲಿ ಒಂದು ಮಿಲಿಲೀಟರಿಗೆ 400 ಇರುತ್ತದೆ, ಕೆಲವದರಲ್ಲಿ 800, ಇದು 800ರದ್ದು. ಚೀಟಿ ತರಿಸಿ ನೋಡಿದೆ, ದಿನಕ್ಕೆ ಅರ್ಧ ಮಿಲಿಲೀಟರ್ ಅಂತ ಬರೆದಿತ್ತು. ಅಕ್ಕನ ಮಗಳು ಇಷ್ಟು ದಿನ ಡ್ರಾಪರ್ ತುಂಬ ಹಾಕುತ್ತಿದ್ದಳಂತೆ, ಪುಣ್ಯಕ್ಕೆ ನೆನಪಾದ ದಿನ ಮಾತ್ರ. ಡ್ರಾಪರಿನ ಅರ್ಧದಲ್ಲಿ ಮಾರ್ಕರಿನಿಂದ ಕಪ್ಪು ಗೆರೆ ಎಳೆದು, ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದೆ: ದಿನಕ್ಕೆ ಒಂದೇ ಸಲ, ಈ ಗೆರೆವರೆಗೆ. ಅಕ್ಕ ಅದನ್ನು ಎರಡು ಸಲ ಓದಿಕೊಂಡು, ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದರು.